ನಮ್ಮ ಜಾಜಿ, ಊರವರ ಮುಡಿ

ಬಳ್ಳಿ ಬೆಳೆಸುವವರ ಮನೆಯಲ್ಲಿ ನಗುವಿಗೆ ಬರವಿಲ್ಲ. ಬರ ಇರುವುದು ಹೂವಿಗೆ. ಹೊಸಪೇಟೆಯ ನಮ್ಮ ಮನೆಯ ಕಾಂಪೌಂಡಿಗೆ ನಾನೊಂದು ಜಾಜಿ ಬಳ್ಳಿ ಹಬ್ಬಿಸಿದ್ದೆ. ಕಾಲುವೆ ನೀರು ಕುಡಿದ ಮಣ್ಣು, ಒಣ ಕಡ್ಡಿ ನೆಟ್ಟರೂ ಚಿಗುರುತ್ತಿತ್ತು. ನನ್ನ ಆಸೆ ಇಷ್ಟೇ: ನಾನೇ ಬೆಳೆಸಿದ ಬಳ್ಳಿಯ ಹೂವನ್ನು ಮಾಲೆ ಕಟ್ಟಿ ಒಂದು ದಿನವಾದರೂ ನನ್ನ ಜಡೆಗೆ ಮುಡಿಯಬೇಕು. ಅದು ದುರಾಸೆ ಎಂದು ಆಗ ಗೊತ್ತಿರಲಿಲ್ಲ.

೧. ಪಕ್ಕದ ಮನೆಯ ಭಕ್ತಿ

ಪಕ್ಕದ ಮನೆಯಾಕೆ ಮಹಾ ದೈವಭಕ್ತೆ. ನಾನು ಏಳುವ ಮೊದಲೇ ಕೊಕ್ಕೆ ಕಟ್ಟಿದ ಕೋಲು ತಂದು, ಕೈಗೆ ಸಿಕ್ಕ ಹೂವನ್ನೆಲ್ಲ ಬಿಡಿಸಿಕೊಂಡು ಹೋಗುತ್ತಿದ್ದರು. ಕೇಳಿದರೆ, ದೇವರಿಗೆ ಎನ್ನುತ್ತಿದ್ದರು. ದೇವರ ಹೆಸರು ಹೇಳಿದವರ ಜೊತೆ ಜಗಳ ಆಡುವುದು ಹೇಗೆ? ಒಂದು ಮಧ್ಯಾಹ್ನ ಅವರು, ಅವರ ಮಗಳು, ಸೊಸೆ ಎಲ್ಲರೂ ಜಾಜಿ ಮುಡಿದು ಮ್ಯಾಟ್ನಿ ಸಿನಿಮಾಕ್ಕೆ ಹೊರಟಿದ್ದರು. ನಾನು ಅವರ ಜಡೆಯನ್ನೇ ನೋಡಿದೆ.

"ಪ್ರಸಾದ ರೀ," ಅಂದರು. "ಬ್ಯಾಡ ಅನ್ನಾಕ ಬರ್ತದೇನು?"

೨. ಕೆಂಪು ಜಾಜಿ

ಸಂಡೂರಿನ ಅದಿರಿನ ಲಾರಿಗಳು ನಮ್ಮ ಮನೆಯ ಮುಂದೆಯೇ ಓಡಾಡುತ್ತಿದ್ದವು. ಬೇಸಿಗೆ ಬಂತೆಂದರೆ ನಮ್ಮೆಜಮಾನರ ಬಿಳಿ ಅಂಗಿ, ನನ್ನ ಬಿಳಿ ಜಾಜಿ ಎರಡೂ ಒಂದೇ ಕೆಂಪು. ಕಂಪ್ಲಿಯಿಂದ ಬಂದ ನನ್ನ ಅಕ್ಕ ಅದನ್ನು ನೋಡಿ ಮರುಳಾದಳು. ಇಂಥ ಜಾಜಿ ಅವರೂರಿನಲ್ಲಿ ಇಲ್ಲವಂತೆ. ಇದು ಬರೀ ಧೂಳು ಎಂದರೆ, ಕಡ್ಡಿ ಕೊಡಲು ಮನಸ್ಸಿಲ್ಲದೆ ನೆಪ ಹೇಳುತ್ತೀಯ ಎಂದು ಮುಖ ಊದಿಸಿಕೊಂಡಳು. ಕಡ್ಡಿ ಕೊಟ್ಟೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಮರುವರ್ಷ ಅಲ್ಲಿ ಬಿಳಿ ಹೂ ಬಿಟ್ಟಿತು. ಒಡಹುಟ್ಟಿದವಳಿಗೇ ಬೇರೆ ಕಡ್ಡಿ ಕೊಟ್ಟು ಮೋಸ ಮಾಡಿದೆ ಎಂದು ಅಕ್ಕ ಜಗಳಕ್ಕೆ ಬಂದಳು. ನಾನು ಅವಳೆದುರೇ ಒಂದು ಕೆಂಪು ಹೂ ಕಿತ್ತು ಲೋಟದ ನೀರಿನಲ್ಲಿ ಅದ್ದಿ ತೆಗೆದೆ. ಹೂ ಬೆಳ್ಳಗಾಯಿತು. ಅಕ್ಕ ಲೋಟವನ್ನೇ ತಿರುಗಿಸಿ ತಿರುಗಿಸಿ ನೋಡಿದಳು.

"ನೀರಿನಾಗ ಏನು ಹಾಕೀಯೋ, ಯಾರಿಗೆ ಗೊತ್ತು."

೩. ಭಾನುವಾರದ ದರ್ಶನ

ಆಮೇಲೆ ಟಿ.ವಿ. ಬಂತು. ಬಳ್ಳಿ ಆಂಟೆನಾದ ಕಂಬ ಹತ್ತಿ, ಪಕ್ಕದ ಮನೆಯ ಕೊಕ್ಕೆಗೆ ಎಟುಕದಷ್ಟು ಮೇಲೆ ಹೋಗಿ ಹೂ ಬಿಟ್ಟಿತು. ಕೊನೆಗೂ ನನಗೆ ಕಾಲ ಬಂತು, ಏಣಿ ಹಾಕಿ ಬಿಡಿಸೋಣ ಎಂದುಕೊಂಡೆ.

ಅಂದು ಭಾನುವಾರ. ದೇವರ ಕಥೆ ನೋಡಲು ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ ಕೂತಿತ್ತು. ಟಿ.ವಿ.ಗೆ ಊದುಬತ್ತಿ ಹಚ್ಚಿ, ಕಾಯಿ ಒಡೆದದ್ದೂ ಆಯಿತು. ಆದರೆ ಪರದೆಯ ಮೇಲೆ ಬರೀ ಚುಕ್ಕಿ. ಇದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದ ಎದುರುಮನೆಯ ಅಕ್ಕಿ ಗಿರಣಿ ಸಾಹುಕಾರರು ತೀರ್ಪು ಕೊಟ್ಟರು: "ಆ ಬಳ್ಳಿ ಕಡೀರಿ. ದೇವರಿಗಿಂತ ಹೂ ದೊಡ್ಡದೇನು?"

ಇವತ್ತೊಂದು ದಿನ ಬಿಡಿ ಎಂದು ನಾನು ಬೇಡಿಕೊಂಡೆ. ಆ ಬಳ್ಳಿಗೆ ಎಂದೂ ಒಂದು ಚೊಂಬು ನೀರು ಹಾಕದ ನಮ್ಮೆಜಮಾನರು ಕುಡುಗೋಲು ಹಿಡಿದು ಮಾಳಿಗೆ ಹತ್ತಿಯೇ ಬಿಟ್ಟರು. ಬಳ್ಳಿ ಹೂವಿನ ಸಮೇತ ಅಂಗಳಕ್ಕೆ ಬಿತ್ತು.

ಚುಕ್ಕಿ ಹಾಗೇ ಇದ್ದವು. ಬಳ್ಳಿಯೇ ಇಲ್ಲದ ಹಿಂದಿನ ಓಣಿಯಲ್ಲೂ ಅಂದು ಬೆಳಗ್ಗೆ ಚುಕ್ಕಿಯೇ ಬಂದಿತ್ತೆಂದು ಸಂಜೆ ತಿಳಿಯಿತು. ಚುಕ್ಕಿ ನೋಡಿ ಬೇಸತ್ತ ಯಾರೋ ಕಿಟಕಿಯಿಂದ ಅಂಗಳ ನೋಡಿದರು. ಪಡಸಾಲೆಗೆ ಪಡಸಾಲೆಯೇ ಎದ್ದು ಹೂವಿಗೆ ಮುತ್ತಿತು. ಸಾಹುಕಾರರೂ ಹೆಂಡತಿಗೆಂದು ಶಲ್ಯದ ತುಂಬ ಆರಿಸಿಕೊಂಡರು. ಒಳಗೆ ಚಿತ್ರ ತಾನಾಗಿಯೇ ಬಂತು. ಖಾಲಿ ಪಡಸಾಲೆಯಲ್ಲಿ ದೇವರು ಊದುಬತ್ತಿಯ ಹೊಗೆಗೆ ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು.

ನಾನು ಅಂಗಳಕ್ಕೆ ಬರುವಷ್ಟರಲ್ಲಿ ಉಳಿದದ್ದು ಬರೀ ಎಲೆ. ನನ್ನ ಕಣ್ಣಲ್ಲಿ ನೀರು ನೋಡಿ ಪಕ್ಕದ ಮನೆಯಾಕೆಗೆ ಕನಿಕರ ಉಕ್ಕಿತು. ತಮ್ಮ ಸೆರಗಿನ ರಾಶಿಯಿಂದ ಆರಿಸಿ ಆರಿಸಿ, ಒಂದು ಹಿಡಿ ಬಾಡಿದ ಹೂ ತೆಗೆದು ನನ್ನ ಕೈಗಿಟ್ಟರು.

"ಇಷ್ಟಕ್ಕ ಯಾಕ ಅಳ್ತೀರಿ? ಹೂ ಬೇಕಿದ್ರ ನನಗ ಒಂದು ಮಾತು ಕೇಳಬೇಕಿಲ್ಲೇನು?"