ಏಳನೆಯ ಕಂಬದ ಕರಿಬೇವು

ದೆಹಲಿಯ ಓಖ್ಲಾದ ಸಿದ್ಧ ಉಡುಪು ಕಾರ್ಖಾನೆಯ ಶಟರ್ ಆ ಬೆಳಿಗ್ಗೆ ಅರ್ಧಕ್ಕೆ ಏರಿ, ಮುನಿಸಿಕೊಂಡ ಹೊಸ ಅಳಿಯನಂತೆ ಅಲ್ಲೇ ನಿಂತುಬಿಟ್ಟಿತು. ಸ್ಟೋರ್ ನೋಡಿಕೊಳ್ಳುವ ಇಂದುಶೇಖರ ಬಗ್ಗಿ ಒಳಹೊಕ್ಕ.

"ಭೂಕಂಪ ಕಣಯ್ಯ," ಎಂದರು ಟೈಮ್‌ಕೀಪರ್ ಅನಂತಮೂರ್ತಿ.

"ನಮ್ಮ ಶಟರ್ ಒಂದಕ್ಕೇನಾ ಸಾರ್? ಪಕ್ಕದ ಪ್ರೆಸ್ಸಿನ ಮೆಷಿನ್ ಕುಲುಕಾಟ ಅದು," ಎಂದಳು ಹೊಲಿಗೆ ವಿಭಾಗದ ಪದ್ಮಾ.

"ಪ್ರೆಸ್ಸಿನವರೇ! ಬಿಡಬಾರ್ದು!" ಎಂದು ಇಂದುಶೇಖರ ಎಲ್ಲರಿಗಿಂತ ಜೋರಾಗಿ ಕೂಗಿದ.

ಮಾಲೀಕ ದೇವೇಂದ್ರಪ್ಪನವರಿಗೆ ಅದು ಕೇಳಿಸಿತು. "ಅಚ್ಛಾ! ಎಂಜಿನಿಯರನ್ನ ಕರೆಸ್ತೀನಿ. ತಪ್ಪು ಮಾಡಿದೋನು ಈ ಓಖ್ಲಾದಲ್ಲೇ ಇರಬಾರ್ದು, ಹಾಗೆ ಮಾಡ್ತೀನಿ."

ಮಧ್ಯಾಹ್ನ ಎಂಜಿನಿಯರ್ ಹಂಸಿನಿ ಬಂದು ಶೆಡ್ಡಿನ ಹನ್ನೆರಡು ಉಕ್ಕಿನ ಕಂಬಗಳ ಮಟ್ಟ ನೋಡಿದಳು.

"ಏಳನೇದು ಮಾತ್ರ ಎರಡು ಬೆರಳಿನಷ್ಟು ಇಳಿದಿದೆ. ಅಡಿಪಾಯದ ಮಣ್ಣು ನೆನೆದು ಮೆತ್ತಗಾಗಿದೆ. ಒಂದು ಕಂಬ ಇಳಿದ್ರೆ ಮೇಲಿನ ತೊಲೆನೂ ಎಳೆಯುತ್ತೆ, ಚೌಕಟ್ಟೆಲ್ಲ ಸೊಟ್ಟ. ಎಲ್ಲಾ ಒಂದೇ ಸಮ ಇಳಿದಿದ್ರೆ ಶಟರಿಗೆ ಗೊತ್ತೂ ಆಗ್ತಿರ್ಲಿಲ್ಲ. ಇಲ್ಲಿ ನೀರು ಸುರಿಯೋರು ಯಾರು?"

ಇಂದುಶೇಖರನ ಎದೆಯೂ ಎರಡು ಬೆರಳು ಇಳಿಯಿತು. ಏಳನೆಯ ಕಂಬದ ಹೊರಬದಿಗೆ, ಬುಡದಲ್ಲೇ ಅವನು ನೆಟ್ಟ ಕರಿಬೇವು. ದೆಹಲಿಯ ಬಿಸಿಲಿಗೆ ಬಾಡದಿರಲೆಂದು ನಾಲ್ಕು ವರ್ಷದಿಂದ ದಿನಕ್ಕೆ ಮೂರು ಬಕೆಟ್ ನೀರು ಹೊತ್ತಿದ್ದ. ಕೆಲಸ ಹೋಯಿತೆಂದೇ ಅಂದುಕೊಂಡ.

ಯಾರೂ ಬಾಯಿ ಬಿಡಲಿಲ್ಲ. ಅಲ್ಲಿದ್ದವರೆಲ್ಲರ ಮನೆಯ ಒಗ್ಗರಣೆಗೂ ಆ ಗಿಡದ ಸೊಪ್ಪೇ ಹೋಗುತ್ತಿತ್ತು. ಪದ್ಮಾ ಚಾವಣಿ ನೋಡಿದಳು. ಅನಂತಮೂರ್ತಿ ಒರೆಸಿದ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸಿದರು. ಈ ಊರಿಗೆ ಬಂದಮೇಲೆ ತನಗಾಗಿ ಇಷ್ಟು ಜನ ಒಟ್ಟಿಗೆ ಸುಮ್ಮನಿದ್ದದ್ದು ಇದೇ ಮೊದಲು ಎನ್ನಿಸಿ ಇಂದುಶೇಖರನ ಕಣ್ಣು ತುಂಬಿತು. ಆ ಮೌನದ ಹಿಂದೆ ಅಡಗಿ ಕೂರಲು ಮನಸ್ಸಾಗಲಿಲ್ಲ.

"ನಾನೇ ಸಾರ್."

ದೇವೇಂದ್ರಪ್ಪ ಅವನನ್ನೇ ದಿಟ್ಟಿಸಿದರು. "ನನ್ನ ಮನೆ ಸಾರಿಗೂ ಅದೇ ಸೊಪ್ಪಲ್ವೇನೋ? ಉಪ್ಪಿಟ್ಟಲ್ಲಿ ಊರಿನ ವಾಸನೆ ಬರೋ ಹಾಗೆ ಮಾಡಿದೋನು ನೀನು. ನಿನ್ನ ಹೇಗಯ್ಯ ಕಳಿಸ್ಲಿ?"

ಇಂದುಶೇಖರ ಕೈಮುಗಿದ. ನೀರು ಹಾಕುವುದನ್ನು ನಿಲ್ಲಿಸಬೇಕೆಂದೂ, ಕಂಬದ ಬುಡ ಭದ್ರಪಡಿಸಲು ನಾಳೆ ಬರುತ್ತೇನೆಂದೂ ಹೇಳಿ ಹಂಸಿನಿ ಹೊರಟಳು.

ಸಂಜೆ ಗೇಟಿಗೊಂದು ಟೆಂಪೊ ಬಂತು. ಅದರ ತುಂಬ ಕರಿಬೇವಿನ ಸಸಿ, ಸರಿಯಾಗಿ ಹನ್ನೊಂದು.

"ಆಯಮ್ಮ ಏನಂದ್ರು? ಎಲ್ಲಾ ಒಂದೇ ಸಮ ಇಳಿದ್ರೆ ತೊಂದ್ರೆ ಇಲ್ಲ ಅಂತ!" ದೇವೇಂದ್ರಪ್ಪ ಅವನ ಬೆನ್ನು ತಟ್ಟಿದರು. "ಏಳನೇದಕ್ಕೆ ರಜಾ. ಮಿಕ್ಕ ಕಂಬಕ್ಕೆಲ್ಲ ಒಂದೊಂದು ಗಿಡ, ದಿನಕ್ಕೆ ಮೂರು ಮೂರು ಬಕೆಟ್. ನಿನ್ನ ಕೈಗುಣದ ಮೇಲೆ ನನಗೆ ನಂಬಿಕೆ ಇದೆ. ಚಲೋ, ಶುರು ಮಾಡು!"

"ನಿನ್ನ ಹೊಟ್ಟೆ ತಣ್ಣಗಿರ್ಲಪ್ಪ," ಎಂದರು ಅನಂತಮೂರ್ತಿ, ಅವನ ಕೈಗೆ ತುಂಬಿದ ಬಕೆಟ್ ಕೊಡುತ್ತ.

ಇಂದುಶೇಖರ ಬಗ್ಗಿ ಶಟರ್ ದಾಟಿದ. ಇನ್ನು ಮೂವತ್ತೆರಡು ಸಲ ದಾಟಬೇಕಿತ್ತು.