ನಡಿಗೆ ದಂಡಿನ ದಂಡನಾಯಕ

ನನ್ನ ಮಗಳು ಲಾಸ್ಯ ದಪ್ಪಗಿದ್ದಾಳೆ ಎಂದು ಶಾಲೆಯವರು ಹೇಳಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೈಕೈ ತುಂಬಿಕೊಂಡಿದ್ದಾಳೆ ಅನ್ನಬಹುದಿತ್ತು. ಅಪ್ಪನ ಹಾಗಿದ್ದಾಳೆ ಅನ್ನಬಹುದಿತ್ತು. (ಎರಡನೆಯದನ್ನು ನನ್ನ ಹೆಂಡತಿ ಸರ್ವಮಂಗಳಾ ಅಂದೇಬಿಟ್ಟಳು.)

ಆದರೆ ಪೋಷಕರ ಸಭೆಯಲ್ಲಿ ಹೆಡ್ ಮಿಸ್ ಗಿರಿಜಾಂಬಾ ಹೇಳಿದ ಇನ್ನೊಂದು ಮಾತು ನನ್ನ ಸಿಟ್ಟನ್ನು ಇಳಿಸಿತು.

"ಮಹದೇವಪ್ಪನವರೇ, ಆಟದ ಪೀರಿಯಡ್ ಬಂದ್ರೆ ಲಾಸ್ಯಂಗೆ ಹೊಟ್ಟೆನೋವು ಬರುತ್ತೆ. ಓಡಿದ್ರೆ ಏದುಸಿರು, ಹುಡುಗೀರು ನಗ್ತಾರೆ ಅಂತ ಕ್ಲಾಸಲ್ಲೇ ಕೂತಿರ್ತಾಳೆ. ಅವಳೊಬ್ಬಳೇ ಅಲ್ಲ. ಕೇಬಲ್ ಟೀವಿ, ಬೇಕರಿ, ಮನೆಬಾಗಿಲಿಗೆ ಆಟೋ! ಮಕ್ಕಳು ನಡೆಯೋದೇ ಮರೆತಿದಾರೆ. ಒಂದೊಂದು ಬೀದಿ ಮಕ್ಕಳು ಒಟ್ಟಿಗೆ ನಡ್ಕೊಂಡು ಬರಲಿ. ಜೊತೆಗೆ ದೊಡ್ಡೋರೊಬ್ರು ಬೇಕು."

ನನ್ನ ಕಣ್ಣು ತುಂಬಿ ಬಂತು. ಆ ಭರದಲ್ಲಿ ಎದ್ದು ನಿಂತು, "ಬನ್ನಿಮಂಟಪದ ನಮ್ಮ ಬೀದಿಯ ಸಮಸ್ತ ಭಾರ ನನ್ನದು!" ಎಂದು ಘೋಷಿಸಿದೆ. ಭಾರೀ ಚಪ್ಪಾಳೆ.

"ರೀ, ನಿಮ್ಮ ಸ್ವಂತ ಭಾರಾನೇ ಹೊತ್ಕೊಳೋಕಾಗಲ್ಲ," ಎಂದಳು ಸರ್ವಮಂಗಳಾ, ಮನೆಗೆ ಬಂದ ಮೇಲೆ. "ಪಕ್ಕದ ಬೀದಿಯಿಂದ ಹಾಲು ತರೋಕೂ ಸ್ಕೂಟರ್ ಹತ್ತೋರು ನೀವು."

"ನೋಡ್ತಿರು ಕಣೇ, ದಂಡನಾಯಕನ ಹಾಗೆ ನಡೆಸ್ತೀನಿ."

ಸೋಮವಾರ ಬೆಳಿಗ್ಗೆ ದಂಡು ಹೊರಟಿತು. ಸರ್ಕಲ್ ತಲುಪುವಷ್ಟರಲ್ಲಿ ದಂಡು ಎಲ್ಲೋ ಮುಂದೆ, ದಂಡನಾಯಕ ಮೋರಿ ಕಟ್ಟೆಯ ಮೇಲೆ. ಲಾಸ್ಯ ಏದುಸಿರು ಬಿಡುತ್ತಾ ಹಿಂದಕ್ಕೆ ಬಂದಳು.

"ಏಳಪ್ಪ, ನಿಧಾನಕ್ಕೆ ಹೋಗಣ. ನಂಗೂ ಸುಸ್ತಾಗಿದೆ."

"ನಿನಗೋಸ್ಕರಾನೇ ಕೂತಿದ್ದು ಕಣಮ್ಮ," ಎಂದೆ. (ಶುದ್ಧ ಸುಳ್ಳು.)

ದಿನ ಕಳೆದಂತೆ ಸರ್ವಮಂಗಳಾ ಮಗಳ ಡಬ್ಬಿಯಿಂದ ಚಿಪ್ಸನ್ನು ಗಡೀಪಾರು ಮಾಡಿ ಹೆಸರುಕಾಳಿನ ಉಸಲಿಗೆ ಪಟ್ಟ ಕಟ್ಟಿದಳು. ಎದುರು ಮನೆಯ ಭಾನುಮತಿ ಗಂಡಸರನ್ನೆಲ್ಲ ಗದರಿಸಿ, ಸಂಜೆ ಬೀದಿಯ ಸ್ಕೂಟರುಗಳನ್ನು ಒಂದು ಬದಿಗೆ ಸರಿಸಿ ಮಕ್ಕಳ ಆಟಕ್ಕೆ ಜಾಗ ಬಿಡಿಸಿದರು. ಮಗಳ ಹೊಟ್ಟೆನೋವು ಹೇಳದೆ ಕೇಳದೆ ಮಾಯವಾಯಿತು. ಒಂದು ದಿನ ಅವಳು ಮಂಡಿ ತರಚಿಕೊಂಡು ಬಂದಳು.

"ಖೋಖೋದಲ್ಲಿ ಬಿದ್ಬುಟ್ಟೆ ಅಪ್ಪಾ! ಟೀಮಿಗೆ ಸೇರಿಸ್ಕೊಂಡಿದಾರೆ!"

ಅಷ್ಟು ಚೆಂದದ ಗಾಯವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಶಾಲೆಯ ವಾರ್ಷಿಕೋತ್ಸವ ಬಂತು. ಗಿರಿಜಾಂಬಾ ಮೈಕಿನಲ್ಲಿ, "ಯಾರನ್ನೂ ಹಿಂದೆ ಬಿಡದೆ ಬನ್ನಿಮಂಟಪದ ದಂಡನ್ನು ನಡೆಸಿಕೊಂಡು ಬಂದ ಮುಂದಾಳಿಗೆ ವಿಶೇಷ ಬಹುಮಾನ" ಎಂದರು. ನಾನು ಎದ್ದೆ. ಸರ್ವಮಂಗಳಾ ಜುಬ್ಬಾ ಹಿಡಿದೆಳೆದಳು. (ಹೊಟ್ಟೆಕಿಚ್ಚು ಅಂದುಕೊಂಡೆ.) ಗಂಭೀರವಾಗಿ ವೇದಿಕೆ ಹತ್ತಿದೆ.

"ಐದನೇ ಕ್ಲಾಸಿನ ಲಾಸ್ಯ! ದಂಡಲ್ಲಿ ಒಬ್ರು ದಿನಾ ಹಿಂದೆ ಬೀಳ್ತಿದ್ರು. ಅವರನ್ನ ಕೈಹಿಡಿದು, ರೇಗಿಸದೆ ಕರ್ಕೊಂಡು ಬರೋ ಜವಾಬ್ದಾರೀನ ಇವಳಿಗೆ ಕೊಟ್ಟಿದ್ದೆ."

ಇಡೀ ಸಭೆ ಆ 'ಒಬ್ಬರ' ಕಡೆಗೆ ನೋಡಿತು. ಲಾಸ್ಯ ಮೆಟ್ಟಿಲುಗಳನ್ನು ಹಾರಿ ಹಾರಿ ಹತ್ತಿ ಬಂದಳು. ಏದುಸಿರಿನ ಸುಳಿವೇ ಇಲ್ಲ.

"ಅಪ್ಪಾ, ನೀನ್ಯಾಕೆ ಬಂದೆ?" ಮೈಕು ಆನ್ ಆಗಿತ್ತು.

"ಮೈಕ್ ಸರಿ ಮಾಡೋಕೆ ಕಣಮ್ಮ."

ಸಭೆ ಗೊಳ್ಳೆಂದಿತು. ಕಪ್ ಅವಳ ಕೈಗೆ ಬಂತು. ಉಳಿದ ಅಪ್ಪಂದಿರೆಲ್ಲ ಕೆಳಗೆ ಕೂತು ಚಪ್ಪಾಳೆ ತಟ್ಟಿದರು. ನಾನೊಬ್ಬ ಮಾತ್ರ ವೇದಿಕೆಯ ಮೇಲೆ, ಮೈಕಿನ ಪಕ್ಕದಲ್ಲೇ ನಿಂತು, ಇಡೀ ಬನ್ನಿಮಂಟಪಕ್ಕೆ ಕೇಳುವಂತೆ ತಟ್ಟಿದೆ.