ಚರ್ಮಕ್ಕೆ ಸಿಕ್ಕ ಆರು ಪುಟ

ಎಡಿನ್‌ಬರೋದ ಚರ್ಮರೋಗದ ಡಾಕ್ಟರ್ ಫರ್ಗಸ್ ಟಲಕ್‌ಗೆ ಬೆಳಿಗ್ಗೆಯೇ ಲಂಡನ್ನಿನಿಂದ ಫೋನು ಬಂತು. ಎಲ್ಲ ಬಗೆಯ ರೋಗಗಳ ಮೇಲೂ ಲೇಖನ ಹಾಕುವ ಒಂದು ದೊಡ್ಡ ವೈದ್ಯಕೀಯ ವಾರಪತ್ರಿಕೆಯ ಸಂಪಾದಕರದ್ದು. ಆ ಪತ್ರಿಕೆಯಲ್ಲಿ ಅರವತ್ತು ವರ್ಷಗಳಿಂದ ಯಾವ ರೋಗಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂದು ಫರ್ಗಸ್ ಮೂರು ವರ್ಷ ಕೂತು ಎಣಿಸಿ, ಚರ್ಮಕ್ಕೆ ಅನ್ಯಾಯವಾಗಿದೆ ಎಂದು ಆ ಪತ್ರಿಕೆಗೇ ಲೇಖನ ಕಳಿಸಿದ್ದ. ಅಜ್ಜಂದಿರ ಕಾಲದಲ್ಲಿ ಹತ್ತಕ್ಕೊಂದು ಲೇಖನ ಚರ್ಮದ್ದು. ಬರಬರುತ್ತಾ ಹೃದಯ ಉಬ್ಬಿತು, ಚರ್ಮ ಸುಕ್ಕುಗಟ್ಟಿತು.

"ಈ ಗುರುವಾರವೇ ನಿಮ್ಮ ಲೇಖನ ಹಾಕ್ತಿದ್ದೀವಿ. ಹೋದ ವರ್ಷದ ಲೆಕ್ಕ ಇನ್ನೊಂದ್ಸಲ ನೋಡಿ, ನಾಲ್ಕು ಗಂಟೆಯೊಳಗೆ ಫ್ಯಾಕ್ಸ್ ಮಾಡಿಬಿಡಿ," ಎಂದರು ಸಂಪಾದಕರು.

ಬಾಯಿ ಮುಚ್ಚಿಕೊಂಡು ಕೂತು ನೋಡಬಹುದಿತ್ತು. ಖುಷಿ ತಡೆಯದ ಫರ್ಗಸ್ ಹೋದ ವರ್ಷದ ಚರ್ಮದ ಲೇಖನಗಳ ಪಟ್ಟಿ ಹಿಡಿದು ಡಾಕ್ಟರುಗಳ ಚಹಾ ಕೋಣೆಗೇ ಹೋದ.

"ಹನ್ನೊಂದಾ? ಅಷ್ಟೊಂದು ಎಲ್ಲಿಂದ ಬಂತೋ?" ಹೃದಯದ ಡಾಕ್ಟರ್ ಹೇಮಿಶ್ ಬೇರ್ಡ್ ಪಟ್ಟಿ ಕಿತ್ತುಕೊಂಡ. "ಮಾತ್ರೆ ತಿಂದು ಗಂದೆ ಎದ್ದಿದ್ದು... ಲೋ, ಇದು ಹೃದಯದ ಮಾತ್ರೆ ಕಣೋ. ಲೇಖನ ನಮ್ಮದು."

"ಗಂದೆ ಎದ್ದಿದ್ದು ಹೃದಯದ ಮೇಲಾ?"

ಸೋಂಕುರೋಗದ ಡಾಕ್ಟರ್ ಎಲ್ಸ್‌ಪೆತ್ ಆಗಲೇ ಪೆನ್ನು ತೆಗೆದಿದ್ದಳು. "ಸರ್ಪಸುತ್ತು ನಂದು. ಕುಷ್ಠ ನಂದು. ಕಜ್ಜಿ ಮೂರೂ ನಂದೇ. ನಿಮ್ಮ ಚರ್ಮ ಬರೀ ಬಾಡಿಗೆ ಮನೆ ಫರ್ಗಸ್, ಒಳಗಿರೋರು ನಮ್ಮೋರು."

ಶಸ್ತ್ರಚಿಕಿತ್ಸೆಯವನೊಬ್ಬ ಸ್ಯಾಂಡ್‌ವಿಚ್ ಜಗಿಯುತ್ತಾ ಬಂದು, ಕತ್ತರಿಸಿ ತೆಗೆದದ್ದೆಲ್ಲ ತನ್ನದೆಂದು ಎರಡು ನರೂಲಿ ಹೊಡೆದುಕೊಂಡು ಹೋದ. ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವನಂತೆ ಫರ್ಗಸ್ ಕಣ್ಣು ಕಣ್ಣು ಬಿಟ್ಟ.

ಮೂರೇ ಉಳಿದಾಗ ಅವನಿಗೆ ಹೊಳೆಯಿತು: ಚರ್ಮದ ಲೆಕ್ಕ ಕುಗ್ಗಿದಷ್ಟೂ ತನ್ನ ದೂರು ಜೋರಾಗುತ್ತದಲ್ಲ! ಅಲ್ಲಿಂದ ಅವನೇ ದಾನಶೂರನಾದ. ಕೆರೆತದ ಲೇಖನವನ್ನು ಮನೋರೋಗದವರಿಗೆ ಕೊಟ್ಟ. ಬಿಸಿಲಿಗೆ ಸುಟ್ಟ ಚರ್ಮದ್ದನ್ನು, ಈ ದೇಶದಲ್ಲಿ ಬಿಸಿಲೆಲ್ಲಿದೆ ಎಂದು, ಹೊಡೆದೇ ಹಾಕಿದ. ನಾಲ್ಕಕ್ಕೆ ಐದು ನಿಮಿಷವಿರುವಾಗ "ಚರ್ಮ: ಒಂದು" ಎಂದು ಫ್ಯಾಕ್ಸ್ ಕಳಿಸಿ, ಯುದ್ಧ ಗೆದ್ದವನಂತೆ ಚಹಾ ಕೋಣೆಗೆ ಮರಳಿದ.

ನಾಲ್ಕೂಕಾಲಿಗೆ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು. ತಿಂಗಳ ರಜೆ ಮುಗಿಸಿ ಅಂದೇ ಬಂದಿದ್ದ ಚರ್ಮ ವಿಭಾಗದ ಮುಖ್ಯಸ್ಥೆ ಪ್ರೊಫೆಸರ್ ಮೋರಾಗ್ ಕೆರ್ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದರು.

"ಹದಿನಾಲ್ಕು ವರ್ಷ ಬಂದರಿನಲ್ಲಿ ಮೀನಿನ ನಾತ ಕುಡಿದು, ಮೀನುಗಾರರ ಕೈಬೊಕ್ಕೆ ಮೇಲೆ ಲೇಖನ ಬರೆದಿದ್ದೆ. ಲಂಡನ್ನಿನ ವಾರಪತ್ರಿಕೆಯಲ್ಲಿ ಈ ಗುರುವಾರ ಬರಬೇಕಿತ್ತು. ಈಗ ಆ ಸಂಪಾದಕರು ಫೋನ್ ಮಾಡಿ, ಜಾಗ ಇಲ್ಲ, ತೆಗೆದಿದ್ದೀವಿ ಅಂತಾರೆ!"

"ಅಯ್ಯೋ! ಯಾಕಂತೆ?" ಎಂದಳು ಎಲ್ಸ್‌ಪೆತ್.

"ಯಾವನೋ ಕತ್ತೆ, ಚರ್ಮದ ಲೇಖನಗಳಿಗೆ ಜಾಗಾನೇ ಕೊಡಲ್ಲ ಅಂತ ಆರು ಪುಟ ಅತ್ತಿದ್ದಾನಂತೆ. ಅವನಿಗೆ ಕೊಟ್ಟ ಆ ಆರು ಪುಟ ನನ್ನದು!"

ಕೋಣೆಯಲ್ಲಿದ್ದವರೆಲ್ಲ ಫರ್ಗಸ್‌ನತ್ತ ತಿರುಗಿದರು. ಪ್ರೊಫೆಸರೂ ತಿರುಗಿದರು.

"ನೀನೇ ಹೇಳು ಫರ್ಗಸ್, ಎಂಥವನಿರಬಹುದು ಅವನು?"

"ಕತ್ತೆನೇ ಇರಬೇಕು, ಪ್ರೊಫೆಸರ್."

ಬೆಳಿಗ್ಗೆಯಿಂದ ಆ ಕೋಣೆಯಲ್ಲಿ ಅವನಾಡಿದ ಮಾತುಗಳಲ್ಲಿ ಯಾರೂ ತಕರಾರು ತೆಗೆಯದಿದ್ದದ್ದು ಅದೊಂದಕ್ಕೇ.